ಮನೆಯೊಳಗೆ ಸಸಿ ಮಾಡ್ಕೊಳ್ಳೋರು ಹೆಂಗೆ ಮಾಡ್ತೀರಾ? ನನ್ನ ಟೊಮೇಟೊ ಎಲ್ಲಾ ಬಗ್ಗಿ ಬಿದ್ದೋಯ್ತು

ಕೇಳಿದ್ದು, ಬನಶಂಕರಿಯಿಂದ:

ಎಲ್ಲರಿಗೂ ನಮಸ್ಕಾರ. ಮೂರನೇ ಫ್ಲೋರಲ್ಲಿ ಬಾಡಿಗೆ ಮನೆ ನಮ್ದು, ಟೆರೇಸಲ್ಲಿ ಒಂದು ಮೂಲೆಲಿ ಗ್ರೋ ಬ್ಯಾಗ್ ಇಟ್ಕೊಳ್ಳೋಕೆ ಓನರ್ ಒಪ್ಪಿದಾರೆ. ಆದ್ರೆ ಅಲ್ಲೇ ಬೀಜ ಹಾಕಿದ್ರೆ ಪಾರಿವಾಳ ಕೆದಕಿ ಹಾಕ್ತವೆ, ಮಳೆಗಾಲದಲ್ಲಂತೂ ಒಂದೇ ಮಳೆಗೆ ಎಲ್ಲಾ ಕೊಚ್ಕೊಂಡು ಹೋಯ್ತು. ಅದಕ್ಕೆ ಈ ಸಲ ಹಾಲ್ ಕಿಟಕಿ ಹತ್ರ ಮೊಸರಿನ ಡಬ್ಬಿಲಿ ಟೊಮೇಟೊ, ಮೆಣಸಿನಕಾಯಿ ಹಾಕಿದ್ದೆ. ಟೊಮೇಟೊ ಆರನೇ ದಿನಕ್ಕೆ ಮೊಳಕೆ ಬಂತು, ವಾರ ಕಳೆಯೋಷ್ಟರಲ್ಲಿ ದಾರದ ಥರ ಉದ್ದ ಆಗಿ ಒಂದೊಂದೇ ಬಗ್ಗಿ ಬಿತ್ತು. ಮೆಣಸಿನಕಾಯಿ ಇವತ್ತಿಗೆ 16 ದಿನ ಆಯ್ತು, ಮೊಳಕೆನೇ ಇಲ್ಲ. ಲೈಟ್ ಹಾಕ್ಲೇಬೇಕಾ? ಏನೇನು ತಗೋಬೇಕು? ಮಾಡಿ ನೋಡಿರೋರು ಹೇಳಿ ಪ್ಲೀಸ್.

ವಿಜಯನಗರದಿಂದ:

ಮೇಡಂ, ಮೊದ್ಲು ಬಿದ್ದಿರೋ ಸಸಿಲಿ ಒಂದನ್ನ ಕಿತ್ತು ಕೈಲಿ ಹಿಡ್ಕೊಂಡು ನೋಡಿ. ಮಣ್ಣಿಗೆ ತಾಗೋ ಜಾಗದಲ್ಲಿ ಕಾಂಡ ಕಂದು ಬಣ್ಣಕ್ಕೆ ತಿರುಗಿ, ನೀರು ಕುಡ್ದಂಗೆ ಮೆತ್ತಗಾಗಿ, ಯಾರೋ ದಾರ ಕಟ್ಟಿ ಎಳ್ದಂಗೆ ಸಣ್ಣ ಆಗಿದ್ರೆ ಅದು ಬುಡ ಕೊಳೆ, ಫಂಗಸ್ಸು. ಬುಡ ಪೂರ್ತಿ ಹಸಿರಾಗೇ ಇದ್ದು ಉದ್ದ ಆಗಿ ಬಗ್ಗಿದ್ರೆ ಅದು ಬರೀ ಬೆಳಕಿನ ಕೊರತೆ. ಎರಡೂ ಒಟ್ಟಿಗೆ ಬರೋದೂ ಉಂಟು, ಯಾಕಂದ್ರೆ ಬೆಳಕು ಸಾಲದ ಬಡಕಲು ಸಸಿಗೆ ಫಂಗಸ್ಸೂ ಬೇಗ ಹತ್ತತ್ತೆ.

ಕಿಟಕಿ ಬೆಳಕು ನಮ್ಮ ಕಣ್ಣಿಗೆ ಧಾರಾಳ ಅನ್ಸತ್ತೆ, ಸಸಿಗೆ ಸಾಲಲ್ಲ. ನಮ್ಮ ಬೆಂಗಳೂರು ಮನೆಗಳಲ್ಲಿ ಮೇಲೆ ಸಜ್ಜ, ಮುಂದೆ ಗ್ರಿಲ್ಲು, ಅದಕ್ಕೆ ಸೊಳ್ಳೆ ಮೆಶ್ಶು, ನಾಲ್ಕಡಿ ದೂರದಲ್ಲಿ ಪಕ್ಕದ ಮನೆ ಗೋಡೆ, ಇಷ್ಟೆಲ್ಲಾ ದಾಟಿ ಬರೋ ಬೆಳಕು ಒಂದೇ ಪಕ್ಕದಿಂದ ಬರತ್ತೆ, ಸಸಿ ಅದನ್ನ ಹುಡುಕ್ಕೊಂಡು ಎಳ್ಕೊಂಡು ಹೋಗತ್ತೆ. ನಾನು ಎರಡು ವರ್ಷ ಕಿಟಕಿಲೇ ಒದ್ದಾಡಿ ಆಮೇಲೆ ಯುಟಿಲಿಟಿ ಪಕ್ಕದ ಪ್ಯಾಸೇಜಲ್ಲಿ ಕಬ್ಬಿಣದ ಆ್ಯಂಗಲ್ ರ‍್ಯಾಕ್ ಹಾಕ್ಕೊಂಡೆ, ಪುಸ್ತಕ, ಫೈಲು ಜೋಡಿಸ್ತಾರಲ್ಲ ಅದೇ. ಒಂದು ತಟ್ಟಿನ ಅಡಿಗೆ 4 ಅಡಿದು 20 ವ್ಯಾಟಿನ ಎಲ್‌ಇಡಿ ಟ್ಯೂಬ್ ಎರಡು. ಡಬ್ಬದ ಮೇಲೆ 6500 ಕೆ ಅಂತ ಇರೋ ಬಿಳಿ ಬೆಳಕಿನದು ಸಾಕು, ನೇರಳೆ ಬಣ್ಣದ ಗ್ರೋ ಲೈಟು ಅಂತ ದುಪ್ಪಟ್ಟು ದುಡ್ಡು ಕೊಡೋದೇನೂ ಬೇಡ. ಬಿವಿಕೆ ಅಯ್ಯಂಗಾರ್ ರಸ್ತೇಲಿ ಸಾಲಾಗಿ ಎಲೆಕ್ಟ್ರಿಕಲ್ ಅಂಗಡಿಗಳಿವೆ, ಅಲ್ಲಿ ಟ್ಯೂಬು, ಟೈಮರ್ ಪ್ಲಗ್ಗು ಎರಡೂ ಸಿಗತ್ತೆ.

ಟ್ಯೂಬು ಎಷ್ಟು ಮೇಲಿರ್ಬೇಕು ಅನ್ನೋದ್ರಲ್ಲೇ ಎಲ್ಲಾ ಇರೋದು. ಸಸಿ ತಲೆಯಿಂದ ಅರ್ಧ ಗೇಣು, ಅದಕ್ಕಿಂತ ಮೇಲೆ ಬೇಡ. ಎರಡಡಿ ಮೇಲೆ ಟ್ಯೂಬು ಉರೀತಿದ್ರೆ ರೂಮು ಬೆಳಗತ್ತೆ ಅಷ್ಟೇ, ಸಸಿ ಮತ್ತೆ ದಾರನೇ ಆಗತ್ತೆ. ನಾನು ಟ್ಯೂಬನ್ನ ಸರಪಳಿಲಿ ನೇತಾಕಿದೀನಿ, ಸಸಿ ಬೆಳ್ದಂಗೆ ಒಂದೊಂದು ಕೊಂಡಿ ಮೇಲಕ್ಕೆ. ಸರಪಳಿ ಇಲ್ದಿದ್ರೆ ಟ್ರೇ ಕೆಳಗೆ ಹಳೇ ಪುಸ್ತಕ ಇಟ್ಟು ಎತ್ತರಿಸಿ, ಆಮೇಲೆ ಒಂದೊಂದೇ ತೆಗೀತಾ ಹೋಗಿ. ದಿನಕ್ಕೆ 14 ಗಂಟೆ ಉರಿಸ್ತೀನಿ, ರಾತ್ರಿ ಕತ್ತಲೆ ಬೇಕು ಅದಕ್ಕೆ. ಮೊದಲ ಮೊಳಕೆ ಕಂಡ ದಿನವೇ ಲೈಟ್ ಕೆಳಗೆ ಹೋಗ್ಬೇಕು, ನಾಳೆ ನೋಡಣ ಅಂತ ಬಿಟ್ರೆ ಎರಡೇ ದಿನದಲ್ಲಿ ಎಳ್ಕೊಂಡ್ಬಿಡತ್ತೆ.

ಇನ್ನು ಮಣ್ಣು. ಸಸಿಗೆ ತೋಟದ ಮಣ್ಣು ಹಾಕ್ಲೇಬೇಡಿ, ಗಟ್ಟಿ ಕೂತ್ಕೊಳತ್ತೆ, ಫಂಗಸ್ಸೂ ಅದರ ಜೊತೆಲೇ ಬರತ್ತೆ. ಎರಡು ಪಾಲು ಕೋಕೋಪೀಟು, ಅಂದ್ರೆ ತೆಂಗಿನ ನಾರಿನ ಪುಡಿ, ಒಂದು ಪಾಲು ಜರಡಿ ಹಿಡಿದ ಎರೆಗೊಬ್ಬರ. ಕೋಕೋಪೀಟ್ ಇಟ್ಟಿಗೆ ನೆನೆಸಿದ ಮೊದಲ ನೀರು ಟೀ ಡಿಕಾಕ್ಷನ್ ಥರ ಬರತ್ತೆ, ಅದರಲ್ಲಿ ಉಪ್ಪಿರತ್ತೆ, ಎರಡು ಮೂರು ಸಲ ತೊಳ್ದು ಹಿಂಡ್ಬೇಕು. ನಾನು ಮೊದಲ್ನೇ ಸಲ ತೊಳೀದೆ ಹಾಕಿ ಅಷ್ಟೂ ಸಸಿ ಎಲೆ ಅಂಚು ಸುಟ್ಟಂಗಾಗಿ ಹೋಯ್ತು, ಬೀಜದವರನ್ನ ಬೈಕೊಂಡಿದ್ದೆ, ತಪ್ಪು ಅವರದಾಗಿರ್ಲಿಲ್ಲ. ಕಲಸಿದ್ದನ್ನ ಮುಷ್ಟಿಲಿ ಹಿಂಡಿದ್ರೆ ಒಂದೆರಡು ಹನಿ ಬೀಳ್ಬೇಕು, ಧಾರೆ ಆಗಿ ಇಳಿದ್ರೆ ಜಾಸ್ತಿ ಆಯ್ತು ಅಂತ.

ಮೊಸರಿನ ಡಬ್ಬಿ ಬದಲು ಪ್ರೋಟ್ರೇ ತಗೊಳ್ಳಿ, ಸಸಿ ಮಾಡೋಕೆ ಅಂತ್ಲೇ ಬರೋ ಸಣ್ಣ ಗುಂಡಿಗಳ ಪ್ಲಾಸ್ಟಿಕ್ ಟ್ರೇ ಅದು, 98 ಗುಂಡಿದು. ಮನೆಗೆ ಅಷ್ಟು ಬೇಡ ಅಲ್ವಾ, ಕತ್ತರಿಲಿ ನಾಲ್ಕು ತುಂಡು ಮಾಡಿ ಒಂದೊಂದು ತರಕಾರಿಗೆ ಒಂದೊಂದು ತುಂಡು ಇಟ್ಕೊಳ್ಳಿ. ಟೊಮೇಟೊ ವಾರದೊಳಗೆ ಏಳತ್ತೆ, ಮೆಣಸಿನಕಾಯಿ ಎರಡು ವಾರ ತಗೊಳತ್ತೆ, ಒಂದೇ ಟ್ರೇಲಿದ್ರೆ ಒಂದಕ್ಕೆ ಲೈಟ್ ಬೇಕು ಅನ್ನೋವಾಗ ಇನ್ನೊಂದು ಮೊಳಕೆ ಬರೋವರ್ಗೂ ಮುಚ್ಚಿರ್ಬೇಕು, ಪೇಚಾಟ. ನೀರು ಮೇಲಿಂದ ಹುಯ್ಯೋದು ಬಿಟ್ಟುಬಿಡಿ. ತಟ್ಟೇಲಿ ನೀರಿಟ್ಟು ಅದರಲ್ಲಿ ಟ್ರೇ ಇಪ್ಪತ್ತು ನಿಮಿಷ ಕೂರಿಸಿ, ಮೇಲ್ಭಾಗ ಕಪ್ಪಾಗ್ತಿದ್ದಂಗೆ ಎತ್ತಿ ಉಳಿದ ನೀರು ಚೆಲ್ಲಿ. ಮತ್ತೆ ಟ್ರೇ ಎತ್ತಿದಾಗ ಹಗುರ ಅನ್ಸೋವರ್ಗೂ ಮುಟ್ಟೋದು ಬೇಡ. ಆರ್‌ಓ ಫಿಲ್ಟರಿಂದ ಬರೋ ವೇಸ್ಟ್ ನೀರು ಎಷ್ಟೋ ಜನ ಗಿಡಕ್ಕೆ ಹಾಕ್ತಾರೆ, ದೊಡ್ಡ ಗಿಡ ಹೆಂಗೋ ತಡ್ಕೊಳತ್ತೆ, ಸಸಿಗೆ ಖಂಡಿತ ಬೇಡ, ಉಪ್ಪೆಲ್ಲಾ ಅದರಲ್ಲೇ ಉಳಿದಿರತ್ತೆ. ಕಾವೇರಿ ನೀರು ಇಲ್ಲಾ ಹಿಡಿದಿಟ್ಟ ಮಳೆ ನೀರು ಒಳ್ಳೇದು. ಬೋರ್ ನೀರು ಒಂದೇ ಗತಿ ಅಂದ್ರೆ ಟ್ರೇ ಅಂಚಲ್ಲಿ ಬಿಳಿ ಪುಡಿ ಕಟ್ತಾ ಇದ್ಯಾ ನೋಡ್ತಾ ಇರಿ.

ಮಲ್ಲೇಶ್ವರದಿಂದ:

ಮೇಲೆ ಹೇಳಿರೋದಕ್ಕೆ ಕರೆಂಟ್ ಲೆಕ್ಕ ಸೇರಿಸ್ತೀನಿ, ನಮ್ಮನೇಲಿ ಇದಕ್ಕೇ ಜಗಳ ಆಗಿತ್ತು. 20 ವ್ಯಾಟಿನದು ಎರಡು, 14 ಗಂಟೆ ಅಂದ್ರೆ ದಿನಕ್ಕೆ 560 ವ್ಯಾಟ್ ಅವರ್, ತಿಂಗಳಿಗೆ ಹೆಚ್ಚುಕಮ್ಮಿ 17 ಯೂನಿಟ್. ಗೃಹಜ್ಯೋತಿಲಿ ಇರೋರು ನಿಮ್ಮ ಸರಾಸರಿ ಲೆಕ್ಕ ಒಂದ್ಸಲ ನೋಡ್ಕೊಂಡು ಹಾಕಿ. ಹಾಂ, ಒಂದು ಸಣ್ಣ ಯುಎಸ್‌ಬಿ ಫ್ಯಾನ್ ದಿನಕ್ಕೆ ಎರಡು ಮೂರು ಗಂಟೆ ಮೆಲ್ಲಗೆ ಬಿಡಿ, ಗಾಳಿಗೆ ಅಲ್ಲಾಡಿದ ಸಸಿ ಕಾಂಡ ಗಟ್ಟಿ ಆಗತ್ತೆ, ಮೇಲ್ಮಣ್ಣೂ ಒಣಗಿರತ್ತೆ. ಸಣ್ಣ ಕಪ್ಪು ನೊಣ ಹಾರಾಡ್ತಿದ್ರೆ ನೀರು ಜಾಸ್ತಿ ಆಗಿದೆ ಅಂತ್ಲೇ ಅರ್ಥ.

ಹೆಸರಘಟ್ಟ ಕಡೆಯಿಂದ:

ತಂಗಿ, ನಿನ್ನ ಮೆಣಸಿನಕಾಯಿ ಬೀಜ ಸತ್ತಿಲ್ಲ ಅನ್ಸುತ್ತೆ, ಚಳಿಗೆ ಮಲಗಿರ್ಬೋದು. ಡಿಸೆಂಬರ್, ಜನವರಿ ರಾತ್ರಿ ನಮ್ಮೂರಲ್ಲಿ 15, 16 ಡಿಗ್ರಿಗೆ ಇಳಿಯುತ್ತೆ, ಮೆಣಸಿನಕಾಯಿ, ಬದನೆ ಎರಡಕ್ಕೂ 25ರಿಂದ 30 ಇದ್ರೆ ಚೆನ್ನ. ನಮ್ಮಮ್ಮ ಒಟ್ಲು ಹಾಕೋ ಮುಂಚೆ ಬೀಜನ ಒಂದು ರಾತ್ರಿ ನೆನೆಸಿ, ಹಳೇ ಪಂಚೆ ತುಂಡಲ್ಲಿ ಕಟ್ಟಿ ಒಲೆ ಪಕ್ಕದ ಗೂಡಲ್ಲಿ ಇಡೋರು. ಈಗ ಒಲೆ ಎಲ್ಲಿಂದ ತರೋದು, ನಾನು ಚಳಿಗಾಲದಲ್ಲಿ ದೋಸೆ ಹಿಟ್ಟು ಎಲ್ಲಿ ಚೆನ್ನಾಗಿ ಉಬ್ಬುತ್ತೋ ಅಲ್ಲೇ ಬೀಜದ ಗಂಟೂ ಇಡ್ತೀನಿ. ನಮ್ಮನೇಲಿ ಅದು ಫ್ರಿಜ್ ಹಿಂದಿನ ಬೆಚ್ಚನೆ ಜಾಗ. ಬಟ್ಟೆ ಒದ್ದೆ ಇರ್ಬೇಕು, ನೀರು ತೊಟ್ಟಿಕ್ಕಬಾರ್ದು, ದಿನಾ ಒಂದ್ಸಲ ಬಿಚ್ಚಿ ಗಾಳಿ ಆಡಿಸು.

ಬೀಜಕ್ಕೆ ನಮ್ಮ ಪಕ್ಕದಲ್ಲೇ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್ ಇದೆ, ಅವರ ತಳಿಗಳ ಹೆಸರೆಲ್ಲ ಅರ್ಕಾ ಅಂತಲೇ ಶುರು. ಅರ್ಕಾ ರಕ್ಷಕ್ ಟೊಮೇಟೊಗೆ ಎಲೆ ಮುಟುರು, ಸೊರಗು ರೋಗ ತಡ್ಕೊಳ್ಳೋ ಶಕ್ತಿ ಇದೆ, ಆದ್ರೆ ಅದು ಹೈಬ್ರಿಡ್, ಹಣ್ಣಿನ ಬೀಜ ಎತ್ತಿಟ್ಟು ಮುಂದಿನ ಸಲ ಹಾಕಿದ್ರೆ ಅದೇ ಗುಣ ಬರಲ್ಲ. ಬೀಜ ಉಳಿಸ್ಕೊಳ್ಳೋ ಆಸೆ ಇದ್ರೆ ಅರ್ಕಾ ವಿಕಾಸ್ ನೋಡು. ನವೆಂಬರಲ್ಲಿ ಜಿಕೆವಿಕೆ, ಅಂದ್ರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಹೋದ್ರೂ ಬೀಜ ಸಿಗುತ್ತೆ.

ಎಲ್ಲದಕ್ಕೂ ಟ್ರೇ ಹಾಕ್ಬೇಡ ಮತ್ತೆ. ಬೆಂಡೆ, ಹುರುಳಿಕಾಯಿ, ಮೂಲಂಗಿ, ಕ್ಯಾರೆಟ್, ಸೊಪ್ಪು ಇವೆಲ್ಲಾ ಬೆಳೆಯೋ ಜಾಗದಲ್ಲೇ ಹಾಕೋದು, ಪಾರಿವಾಳಕ್ಕೆ ಮೇಲೊಂದು ಬಲೆ ಮುಚ್ಚಿದ್ರಾಯ್ತು. ಸೌತೆ, ಹೀರೆಗೆ ಬೇರು ಮುಟ್ಟಿದ್ರೆ ಆಗಲ್ಲ, ಮಾಡ್ಲೇಬೇಕು ಅಂದ್ರೆ ಪೇಪರ್ ಲೋಟದಲ್ಲಿ ಹಾಕಿ ತಳ ಕಿತ್ತು ಹಾಗೇ ಇಳಿಸು.

ಬನಶಂಕರಿಯಿಂದ:

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಕಿತ್ತು ನೋಡ್ದೆ, ಅರ್ಧಕ್ಕೆ ಬುಡ ಕಂದು ಆಗಿದೆ, ಅರ್ಧ ಹಸಿರಾಗೇ ಇದೆ. ಡಬ್ಬಿಗೆ ಒಂದೇ ಒಂದು ತೂತು ಮಾಡಿದ್ದೆ, ತಳದಲ್ಲಿ ನೀರು ನಿಂತಿತ್ತು. ಹಸಿರಿರೋದು ಉಳಿಸ್ಕೋಬಹುದಾ? ಟೆರೇಸಿಗೆ ಯಾವಾಗ ಸಾಗಿಸ್ಬೇಕು? ಮೆಣಸಿನ ಬೀಜ ಬೇರೆ ಇತ್ತು, ಅಕ್ಕ ಹೇಳ್ದಂಗೆ ಇವತ್ತೇ ನೆನೆಸಿದೀನಿ.

ವಿಜಯನಗರದಿಂದ:

ಟೊಮೇಟೊ ಉಳಿಯತ್ತೆ ಮೇಡಂ. ಅದರ ಕಾಂಡ ಮಣ್ಣಲ್ಲಿ ಹೂತ್ರೆ ಅಲ್ಲೇ ಬೇರು ಬಿಡತ್ತೆ, ಬೀಜದೆಲೆವರೆಗೂ ಹೂತು ಹೊಸ ಮಿಶ್ರಣದಲ್ಲಿ ನೆಡಿ. ಎತ್ತುವಾಗ ಎಲೆ ಹಿಡ್ಕೊಳ್ಳಿ, ಕಾಂಡ ಹಿಡೀಬೇಡಿ, ಚಿವುಟಿದಂಗಾದ್ರೆ ಮುಗೀತು. ಕಂದು ಆಗಿರೋದು, ಆ ಹಳೇ ಮಣ್ಣು ಎರಡೂ ಹೊರಗೆ, ಅದನ್ನ ಬೇರೆ ಕುಂಡಕ್ಕೂ ಸೇರಿಸ್ಬೇಡಿ. ಮುಂದಿನ ಸಲ ಎರೆಗೊಬ್ಬರಕ್ಕೆ ಟ್ರೈಕೋಡರ್ಮಾ ಪುಡಿ ಬೆರೆಸಿಟ್ಟು ಬಳಸಿ, ಕೊಳೆ ತರೋ ಫಂಗಸ್ಸನ್ನ ತಡೆಯೋ ಒಳ್ಳೇ ಫಂಗಸ್ಸು ಅದು.

ಟೆರೇಸಿಗೆ ಟೊಮೇಟೊ 25, 30 ದಿನಕ್ಕೆ, ಮೆಣಸಿನಕಾಯಿ 40 ದಿನಕ್ಕೆ. ಒಂದೇ ಸಲ ಬಿಸಿಲಿಗೆ ಇಡ್ಬೇಡಿ. ಮೊದಲ ದಿನ ಬೆಳಗಿನ ಬಿಸಿಲು ಒಂದು ಗಂಟೆ, ದಿನಾ ಒಂದೊಂದು ಗಂಟೆ ಜಾಸ್ತಿ, ವಾರ ಹತ್ತು ದಿನ ಹಂಗೆ ಅಭ್ಯಾಸ ಮಾಡ್ಸಿ. ಟ್ಯೂಬ್ ಕೆಳಗೆ ಬೆಳೆದ ಎಲೆ ನಮ್ಮ ಟೆರೇಸ್ ಬಿಸಿಲಿಗೆ ಒಂದೇ ಮಧ್ಯಾಹ್ನದಲ್ಲಿ ಬಿಳುಚಿಕೊಳತ್ತೆ.

ಹೆಸರಘಟ್ಟ ಕಡೆಯಿಂದ:

ಗಂಟು ಬಿಚ್ಚಿದಾಗ ಬೀಜಕ್ಕೆ ಬಿಳಿ ಮೂತಿ ಕಂಡ ದಿನವೇ ಟ್ರೇಗೆ ಇಳಿಸು ತಂಗಿ, ಉದ್ದ ಬಿಟ್ರೆ ಬೇರು ಬಟ್ಟೆಗೆ ಹತ್ಕೊಂಡು ಮುರಿಯುತ್ತೆ. ಬೆರಳಲ್ಲಿ ಹಿಡೀಬೇಡ, ಒದ್ದೆ ಮಾಡಿದ ಊದುಬತ್ತಿ ಕಡ್ಡಿ ತುದೀಲಿ ಎತ್ತಿದ್ರೆ ಅಂಟ್ಕೊಂಡು ಬರುತ್ತೆ. ಅರ್ಧ ಸೆಂಟಿಮೀಟರ್ ಆಳ ಸಾಕು.