ಏಳು ಹೋರಿ, ಏಳು ಟಗರು

ನಮ್ಮ ನಾಲ್ವರ ಕೂಟದಲ್ಲಿ ಬೈಬಲನ್ನು ಮೊದಲಿನಿಂದ ಕೊನೆಯವರೆಗೆ ಓದಿದವರು ಒಬ್ಬರೇ. ಅದರ ಬಗ್ಗೆ ಎಲ್ಲರಿಗಿಂತ ಕಡಿಮೆ ಮಾತನಾಡುವವರೂ ಅವರೇ. ಅರ್ಧ ಗೌರವದಿಂದ, ಅರ್ಧ ಕೀಟಲೆಯಿಂದ ನಾವು ಅವರನ್ನು ‘ಉಪದೇಶಿಗಳು’ ಎಂದು ಕರೆಯುತ್ತೇವೆ. ಅವರು ಯಾರಿಗಾದರೂ ಉಪದೇಶ ಮಾಡಿದ್ದನ್ನು ಕಂಡವರಿಲ್ಲ. ಉಳಿದವರಲ್ಲಿ ಒಬ್ಬರು ವಕೀಲರು, ಒಬ್ಬರು ಗಣಿತದ ಮೇಷ್ಟ್ರು, ಮೂರನೆಯವನು ಪರರ ಜಮಾಖರ್ಚಿನಲ್ಲಿ ತಪ್ಪು ಹುಡುಕಿ ಬದುಕುವ ಲೆಕ್ಕಪರಿಶೋಧಕನಾದ ನಾನು. ಹೀಗಾಗಿ ದೇವರ ನ್ಯಾಯವನ್ನು ಪ್ರಶ್ನಿಸಲು ಬೇಕಾದ ಕಾನೂನು, ತರ್ಕ, ಲೆಕ್ಕ ಮೂರೂ ನಮ್ಮ ಪಕ್ಷದಲ್ಲಿದ್ದವು. ಎದುರು ಪಕ್ಷದಲ್ಲಿ ಉಪದೇಶಿಗಳು ಮತ್ತು ಅವರ ಪುಸ್ತಕ.

ಆ ಸಂಜೆ ಕಿಡಿ ಹಚ್ಚಿದವನು ನಾನೇ. ಮತ್ತಾಯನ ಸುವಾರ್ತೆಯ 20ನೆಯ ಅಧ್ಯಾಯದ ದ್ರಾಕ್ಷಿತೋಟದ ಸಾಮ್ಯವನ್ನು, ಅಂದರೆ ಯೇಸು ಹೇಳಿದ ದೃಷ್ಟಾಂತಕಥೆಯನ್ನು, ಎಲ್ಲಿಯೋ ಓದಿದ್ದೆ. ಅಂದಿನಿಂದ ನನ್ನ ವೃತ್ತಿಧರ್ಮಕ್ಕೆ ಸಮಾಧಾನವಿರಲಿಲ್ಲ. ತೋಟದ ಯಜಮಾನನೊಬ್ಬ ಬೆಳಗಾಗುತ್ತಲೇ ದಿನಕ್ಕೊಂದು ದೆನಾರಿಯ ಕೂಲಿಗೆ ಆಳುಗಳನ್ನು ಗೊತ್ತುಮಾಡುತ್ತಾನೆ, ಒಂಬತ್ತು ಗಂಟೆಗೆ ಇನ್ನಷ್ಟು ಜನರನ್ನು ಕರೆಯುತ್ತಾನೆ, ಹನ್ನೆರಡಕ್ಕೆ ಮತ್ತು ಮೂರಕ್ಕೆ ಮತ್ತೆ ಕರೆಯುತ್ತಾನೆ, ಸಂಜೆ ಐದಕ್ಕೂ ಕರೆಯುತ್ತಾನೆ. ಆರು ಗಂಟೆಗೆ ಎಲ್ಲರ ಕೈಗೂ ಒಂದೊಂದೇ ದೆನಾರಿ!

“ಇಂಥ ಕೂಲಿಪಟ್ಟಿಗೆ ನಾನು ಸಹಿ ಹಾಕಲಾರೆ. ಹನ್ನೆರಡು ಗಂಟೆ ದುಡಿದವನಿಗೂ ಒಂದು ಗಂಟೆ ದುಡಿದವನಿಗೂ ಒಂದೇ ಮೊತ್ತ ಎಂದರೆ, ಕೊನೆಯವನ ಗಂಟೆಯ ದರ ಮೊದಲಿನವನ ದರದ ಹನ್ನೆರಡು ಪಟ್ಟಾಯಿತು” ಎಂದೆ.

“ಮರುದಿನ ಬೆಳಿಗ್ಗೆ ಆ ತೋಟಕ್ಕೆ ಯಾರು ಬರುತ್ತಾರೆ ಹೇಳಿ?” ಎಂದರು ಮೇಷ್ಟ್ರು. “ಬುದ್ಧಿಯಿರುವ ಆಳುಗಳೆಲ್ಲ ಸಂಜೆ ಐದಕ್ಕೆ ಸರಿಯಾಗಿ ಸಾಲಾಗಿ ನಿಂತಿರುತ್ತಾರೆ.”

ವಕೀಲರು ನಮ್ಮ ಪಕ್ಷದವರೆಂದು ನಂಬಿದ್ದೆವು. ಆದರೆ ಕರಾರು ಎಂಬ ಶಬ್ದ ಕಿವಿಗೆ ಬಿದ್ದರೆ ಅವರಿಗೆ ಪಕ್ಷ ಮರೆತುಹೋಗುತ್ತದೆ. “ಯಜಮಾನನ ಮೇಲೆ ದಾವೆ ನಿಲ್ಲುವುದಿಲ್ಲ. ಬೆಳಗಿನವರು ಒಂದು ದೆನಾರಿಗೆ ಒಪ್ಪಿದ್ದರು, ಒಂದು ದೆನಾರಿ ಪಡೆದರು. ಪರರಿಗೆ ಕೊಟ್ಟ ದಾನದಿಂದ ಇವರ ಕರಾರು ಭಂಗವಾಗುವುದಿಲ್ಲ” ಎಂದು ಅವರು ತೀರ್ಪನ್ನೇ ಓದಿದರು.

ಅಷ್ಟು ಹೊತ್ತು ಸುಮ್ಮನಿದ್ದ ಉಪದೇಶಿಗಳು ಚೀಲದಿಂದ ಪುಸ್ತಕವನ್ನು ತೆಗೆದರು. ಈ ಪುಟವನ್ನು ಓದುವಾಗ ಹಿಂದಿನ ಪುಟದ ಅಕ್ಷರಗಳೂ ಮಸುಕಾಗಿ ಕಾಣುವಷ್ಟು ತೆಳ್ಳಗಿನ ಹಾಳೆಗಳು. ಅವರು ಬೆರಳನ್ನು ನಾಲಗೆಗೆ ತಾಗಿಸುವುದಿಲ್ಲ, ಹಾಳೆಯ ಮೂಲೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜಿ ಒಂದನ್ನೊಂದು ಬಿಡಿಸಿಕೊಳ್ಳುತ್ತಾರೆ. “ನಿಮ್ಮ ದೂರು ಇಲ್ಲಿಯೇ ಇದೆ” ಎಂದು ಅವರು ಬೆರಳಿಟ್ಟು ತೋರಿಸಿದರು. “‘ದಿನವಿಡೀ ಬಿಸಿಲಿನಲ್ಲಿ ಬೆಂದ ನಮಗೂ ಒಂದು ಗಂಟೆ ಕೆಲಸ ಮಾಡಿದ ಇವರಿಗೂ ಸಮ ಮಾಡಿಬಿಟ್ಟೆಯಲ್ಲ’ ಎಂದು ಬೆಳಗಿನ ಆಳುಗಳೇ ಗೊಣಗುತ್ತಾರೆ. ನಿಮಗಿಂತ ಸುಮಾರು 2000 ವರ್ಷ ಮೊದಲು.”

ಮೇಷ್ಟ್ರು ಪುಸ್ತಕದ ಮೇಲೆ ಬಾಗಿ ಎಂಟನೆಯ ವಾಕ್ಯವನ್ನು ಓದಿದರು, ಮತ್ತೊಮ್ಮೆ ಓದಿದರು, ಕನ್ನಡಕ ತೆಗೆದು ಒರೆಸಿಕೊಂಡರು. ಯಜಮಾನ ತನ್ನ ಪಾರುಪತ್ಯಗಾರನಿಗೆ ಕೊನೆಗೆ ಬಂದವರಿಂದ ಆರಂಭಿಸಿ ಕೂಲಿ ಕೊಡುವಂತೆ ಹೇಳುತ್ತಾನಂತೆ! “ಮೊದಲು ಬಂದವರಿಗೆ ಮೊದಲು ಕೊಟ್ಟಿದ್ದರೆ ಅವರು ಖುಷಿಯಾಗಿ ಮನೆಗೆ ಹೋಗಿರುತ್ತಿದ್ದರು, ಐದು ಗಂಟೆಯವರಿಗೆ ಎಷ್ಟು ಸಿಕ್ಕಿತೆಂಬುದು ಅವರಿಗೆ ತಿಳಿಯುತ್ತಲೇ ಇರಲಿಲ್ಲ. ಜಗಳವಾಗಲೆಂದೇ ಈ ಮನುಷ್ಯ ಸಾಲನ್ನು ತಿರುಗಿಸಿದ್ದಾನೆ!” ಎಂದು ಅವರು ಕೂಗಿದ ಕೂಗಿನಲ್ಲಿ ಕೋಪ ಎಷ್ಟಿತ್ತೋ ಮೆಚ್ಚುಗೆಯೂ ಅಷ್ಟೇ ಇತ್ತು.

“ದೆನಾರಿ ಎಂದರೆ ಕೂಲಿಯವನ ಒಂದು ದಿನದ ಬದುಕು” ಎಂದರು ಉಪದೇಶಿಗಳು. “ದಿನವಿಡೀ ಏಕೆ ಸುಮ್ಮನೆ ನಿಂತಿದ್ದೀರಿ ಎಂದು ಕೇಳಿದಾಗ ಸಂಜೆಯವರು, ನಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ ಎನ್ನುತ್ತಾರೆ. ಕೆಲಸ ಸಿಗದ ಮಾತ್ರಕ್ಕೆ ಅವರ ಮನೆಯ ಹಸಿವು ಹನ್ನೆರಡನೆಯ ಒಂದು ಭಾಗಕ್ಕೆ ಇಳಿಯುವುದಿಲ್ಲವಲ್ಲ?” ಈ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಉತ್ತರವಿಲ್ಲದಾಗ ಬೇರೆ ಕಡತ ತೆರೆಯುವುದು ನಮ್ಮ ವೃತ್ತಿಯ ವಾಡಿಕೆ. ಆದ್ದರಿಂದ ಲೂಕನ ಸುವಾರ್ತೆಯ 15ನೆಯ ಅಧ್ಯಾಯಕ್ಕೆ ಹಾರಿದೆ.

ಆಸ್ತಿಯ ಪಾಲು ಪಡೆದು ದೂರದೇಶದಲ್ಲಿ ಹಾಳುಮಾಡಿಕೊಂಡು ಹಿಂದಿರುಗಿದ ಕಿರಿಯ ಮಗನಿಗೆ ಉಂಗುರ, ನಿಲುವಂಗಿ, ಕೊಬ್ಬಿದ ಕರು. ಮನೆಯಲ್ಲೇ ಉಳಿದು ದುಡಿದ ಹಿರಿಯವನಿಗೆ ಒಂದು ಮೇಕೆಮರಿಯೂ ಇಲ್ಲ. ಇಲ್ಲಿ ನನ್ನದೊಂದು ಹಿತಾಸಕ್ತಿ ಇದೆಯೆಂದು ಮೊದಲೇ ಹೇಳಿಬಿಡುತ್ತೇನೆ: ನಾನೂ ಹಿರಿಯ ಮಗ. ಊರೂರು ಅಲೆದು ವರ್ಷಕ್ಕೊಮ್ಮೆ ಮುಖ ತೋರಿಸುವ ನನ್ನ ತಮ್ಮ ಬಾಗಿಲು ತಟ್ಟಿದರೆ ಅಮ್ಮ ಮಂಡಿನೋವನ್ನು ಮರೆತು ಓಡುತ್ತಾರೆ. ತಿಂಗಳು ತಪ್ಪದೆ ಅದೇ ಮಂಡಿಗೆ ಮಾತ್ರೆ ತಂದುಕೊಡುವ ನಾನು ತಟ್ಟಿದರೆ ಒಳಗಿನಿಂದ “ತೆರೆದೇ ಇದೆ, ಬಾ” ಎಂಬ ದನಿಯಷ್ಟೇ ಬರುತ್ತದೆ.

“ಲೂಕನಲ್ಲಿರುವ ತಂದೆಯೂ ಹಿರಿಯ ಮಗನಿಗೆ ಹೆಚ್ಚುಕಡಿಮೆ ಅದನ್ನೇ ಹೇಳಿದ್ದು” ಎಂದರು ಉಪದೇಶಿಗಳು. “ನೀನು ಯಾವಾಗಲೂ ನನ್ನ ಸಂಗಡ ಇದ್ದೀ, ನನ್ನದೆಲ್ಲ ನಿನ್ನದೇ.”

“ಅದು ಉಪಚಾರದ ಮಾತಲ್ಲ, ದಸ್ತಾವೇಜಿನ ಮಾತು!” ಎಂದು ವಕೀಲರು ಎದ್ದೇ ನಿಂತರು. “ತಂದೆ ಆಸ್ತಿಯನ್ನು ಇಬ್ಬರಿಗೂ ಹಂಚಿಕೊಟ್ಟನೆಂದು ಮೊದಲೇ ಬರೆದಿದೆ. ಧರ್ಮೋಪದೇಶಕಾಂಡದ ಪ್ರಕಾರ ಚೊಚ್ಚಲ ಮಗನಿಗೆ ಎರಡು ಪಾಲು. ಕಿರಿಯವನು ತನ್ನ ಮೂರನೆಯ ಒಂದು ಭಾಗವನ್ನು ಒಯ್ದು ಮುಗಿಸಿದ್ದಾನೆ. ಹಾಗಾದರೆ ಉಳಿದ ಕೊಟ್ಟಿಗೆ ಯಾರ ಪಾಲಿನದು? ಆ ಕರು ಯಾರದು? ಹಿರಿಯವನ ಕರುವನ್ನು ಹಿರಿಯವನ ಒಪ್ಪಿಗೆಯಿಲ್ಲದೆ ಕೊಯ್ದಿದ್ದಾರೆ!” ನನ್ನ ಜೀವನದಲ್ಲಿ ಒಬ್ಬ ವಕೀಲ ಶುಲ್ಕವಿಲ್ಲದೆ ನನ್ನ ಪರ ವಾದಿಸಿದ್ದು ಅದೊಂದೇ ಸಲ. ಇನ್ನೊಂದು ಸಣ್ಣ ವಿವರ ನನಗೆ ಈಗಲೂ ಚುಚ್ಚುತ್ತದೆ. ಹೊಲದಿಂದ ಬರುವ ಹಿರಿಯವನಿಗೆ ವಾದ್ಯದ ಸದ್ದು ಕೇಳಿಸುತ್ತದೆ. ಅವನು ಆಳೊಬ್ಬನನ್ನು ಕರೆದು ಏನು ವಿಶೇಷವೆಂದು ವಿಚಾರಿಸುತ್ತಾನೆ. ಅಂದರೆ ಹಬ್ಬದ ಗಡಿಬಿಡಿಯಲ್ಲಿ ಹೊಲಕ್ಕೆ ಒಂದು ಮಾತು ಹೇಳಿಕಳುಹಿಸಬೇಕೆಂದು ಯಾರಿಗೂ ನೆನಪಾಗಲಿಲ್ಲ. ಕೊನೆಗೆ ಅವನು ಒಳಗೆ ಹೋದನೇ ಎಂದು ಕೇಳಿದೆ. ಕಥೆ ಅದನ್ನು ಹೇಳದೆಯೇ ನಿಂತುಬಿಡುತ್ತದೆ ಎಂದು ಉಪದೇಶಿಗಳು ಪುಟವನ್ನು ತೋರಿಸಿದರು.

ಅಲ್ಲಿಂದ ಮುಂದೆ ಆರೋಪಗಳು ಮಳೆಯಂತೆ ಸುರಿದವು. ಅಂಜೂರದ ಕಾಲವಲ್ಲದಾಗ ಹಣ್ಣು ಬಿಡಲಿಲ್ಲವೆಂದು ಯೇಸುವಿನ ಶಾಪಕ್ಕೆ ಗುರಿಯಾಗಿ ಮರುದಿನ ಒಣಗಿಹೋದ ಮರದ ತಪ್ಪೇನು? ಯೇಸುವಿನ ಅಪ್ಪಣೆಯಿಂದ ದೆವ್ವಗಳು ಹೊಕ್ಕು ಕೆರೆಗೆ ಬಿದ್ದು ಸತ್ತ ಸುಮಾರು 2000 ಹಂದಿಗಳ ನಷ್ಟವನ್ನು ಯಾವ ಖಾತೆಗೆ ಬರೆಯುವುದು? (ಆ ಊರಿನವರು ಯೇಸುವಿಗೆ ದಯವಿಟ್ಟು ನಮ್ಮ ಸೀಮೆಯಿಂದ ಹೊರಡು ಎಂದು ಬೇಡಿಕೊಂಡರಂತೆ, ಲೆಕ್ಕಪರಿಶೋಧಕನಾಗಿ ಅವರ ಮೇಲೆ ನನಗೆ ಪೂರ್ಣ ಸಹಾನುಭೂತಿಯಿದೆ.) ಆದರೆ ಪ್ರವಾದಿ ಎಲೀಷನ ಪ್ರಕರಣ ಬಂದಾಗ ನಮ್ಮ ಪಕ್ಷ ಅನಿರೀಕ್ಷಿತವಾಗಿ ಒಡೆಯಿತು. “ಬೋಳುತಲೆಯವನೇ, ಏರು” ಎಂದು ಹುಡುಗರು ಹಾಸ್ಯ ಮಾಡಿದರು, ಅವನು ಶಪಿಸಿದನು, ಕಾಡಿನಿಂದ ಎರಡು ಹೆಣ್ಣು ಕರಡಿಗಳು ಬಂದು 42 ಹುಡುಗರನ್ನು ಸೀಳಿದವು. ವಕೀಲರು ಇದನ್ನು ಶಿಕ್ಷೆಯ ಪ್ರಮಾಣಕ್ಕೂ ಅಪರಾಧಕ್ಕೂ ಸಂಬಂಧವೇ ಇಲ್ಲದ ಕ್ರೌರ್ಯವೆಂದು ಖಂಡಿಸುತ್ತಿದ್ದಾಗ, ಇಪ್ಪತ್ತೆಂಟು ವರ್ಷ ತರಗತಿಯ ಹಿಂದಿನ ಬೆಂಚುಗಳಿಂದ ಅದೇ ಪದವನ್ನು ಕೇಳಿಸಿಕೊಂಡಿರುವ ನಮ್ಮ ಮೇಷ್ಟ್ರು, ಹಣೆ ಎಲ್ಲಿ ಮುಗಿಯುತ್ತದೆಂದು ಹೇಳಲಾಗದ ತಮ್ಮ ನುಣುಪಾದ ತಲೆಯನ್ನು ಸವರಿಕೊಳ್ಳುತ್ತಾ, “ತಲಾ 21 ಬರುತ್ತದೆ. ಶಿಕ್ಷೆ ಅತಿಯಾಯಿತೆಂಬುದನ್ನು ಒಪ್ಪುತ್ತೇನೆ, ಆದರೆ ಪ್ರಚೋದನೆಯೇ ಇರಲಿಲ್ಲ ಎನ್ನುವುದನ್ನು ಮಾತ್ರ ಒಪ್ಪಲಾರೆ” ಎಂದರು. ಉಪದೇಶಿಗಳು ಈ ಪ್ರಕರಣದಲ್ಲಿ ಯಾವ ಸಮರ್ಥನೆಯನ್ನೂ ಕೊಡದೆ ಕಿಟಕಿಯ ಕಡೆ ನೋಡಿದರು.

“ತಂದೆಗಳ ದೋಷವನ್ನು ಮೂರು ನಾಲ್ಕು ತಲೆಗಳವರೆಗೆ ಮಕ್ಕಳ ಮೇಲೆ ಬರಮಾಡುವೆನು ಎಂದು ವಿಮೋಚನಕಾಂಡದಲ್ಲಿದೆ. ಇದು ಯಾವ ನ್ಯಾಯ?” ಎಂದು ವಕೀಲರು ಮತ್ತೆ ಸೆಣಸಿಗೆ ಇಳಿದರು. ಪೆನ್ಸಿಲ್ಲಿನ ಗುರುತಿದ್ದ ಇನ್ನೊಂದು ಪುಟ ಹೊರಬಂತು. ಯೆಹೆಜ್ಕೇಲನ 18ನೆಯ ಅಧ್ಯಾಯ: ಯೆರೂಸಲೇಮಿನಿಂದ ಬಾಬಿಲೋನಿಗೆ ಸೆರೆಹೋದ ಜನ, ಅಪ್ಪಂದಿರು ಹುಳಿ ದ್ರಾಕ್ಷಿ ತಿಂದರೆ ಮಕ್ಕಳ ಹಲ್ಲು ಚಳಿತುಹೋಗುತ್ತವೆ ಎಂಬ ಗಾದೆಯನ್ನು ಹೇಳಿಕೊಂಡು ಕುಳಿತಿದ್ದಾರೆ; ಇನ್ನು ಆ ಗಾದೆ ನಡೆಯದು, ಮಗನು ತಂದೆಯ ದೋಷವನ್ನು ಹೊರುವುದಿಲ್ಲ ಎಂದು ಪ್ರವಾದಿ ಸಾರುತ್ತಾನೆ. ಹಾಗೆ ಸಾರಿದ ಮೇಲೂ ಜನ, ಕರ್ತನ ದಾರಿ ಸಮವಲ್ಲ ಎನ್ನುತ್ತಾರೆ. ಸಮವಿಲ್ಲದ್ದು ನಿಮ್ಮ ದಾರಿಯಲ್ಲವೇ ಎಂಬ ಉತ್ತರ ಬರುತ್ತದೆ. “ಅಂದರೆ ಹಳೆಯ ಶಾಸನವನ್ನು ಅದೇ ಸಂಪುಟದಲ್ಲಿ ತಿದ್ದಿದ್ದಾರೆ, ಆದರೆ ರದ್ದಾದದ್ದನ್ನು ಕಿತ್ತುಹಾಕಿಲ್ಲ” ಎಂದು ವಕೀಲರು ವೃತ್ತಿಬಾಂಧವರನ್ನು ಕಂಡವರಂತೆ ಮುಗುಳ್ನಕ್ಕರು.

ತಿದ್ದುಪಡಿಯಾದ ಮೇಲೂ ಹಳೆಯ ಕಡತ ಮುಚ್ಚಲಿಲ್ಲವಲ್ಲ ಎಂಬುದು ನನ್ನ ತಕರಾರು. ಮೊದಲ ಮನುಷ್ಯ ಆದಾಮನ ಪಾಪ ಹುಟ್ಟಿದ ಕೂಸಿಗೂ ಅಂಟಿರುತ್ತದೆ, ಆದ್ದರಿಂದ ದೀಕ್ಷಾಸ್ನಾನವಿಲ್ಲದೆ ಸತ್ತ ಕೂಸಿಗೂ, ಎಲ್ಲಕ್ಕಿಂತ ಸೌಮ್ಯವಾದದ್ದೇ ಆದರೂ, ಶಿಕ್ಷೆಯುಂಟು ಎಂದು 430ರಲ್ಲಿ ತೀರಿಕೊಂಡ ಸಂತ ಅಗಸ್ಟೀನ್ ಬೋಧಿಸಿದ್ದರು. ಮಧ್ಯಯುಗದ ಪಂಡಿತರು ಕನಿಕರಪಟ್ಟು ಆ ಕೂಸುಗಳಿಗಾಗಿ ನರಕದ ಅಂಚಿನಲ್ಲಿ ನೋವಿಲ್ಲದ ‘ಲಿಂಬೊ’ ಎಂಬ ಜಾಗವನ್ನು ಕಲ್ಪಿಸಿದರು. ಕಡೆಗೆ 2007ರಲ್ಲಿ ಕ್ಯಾಥೊಲಿಕ್ ಸಭೆಯ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗವು, ಅಂಥ ಕೂಸುಗಳಿಗೂ ರಕ್ಷಣೆ ದೊರೆಯುವುದೆಂದು ಭರವಸೆಯಿಡಲು ಬಲವಾದ ಆಧಾರಗಳಿವೆ ಎಂದಿತು. “ಸುಮಾರು 1600 ವರ್ಷ” ಎಂದರು ಮೇಷ್ಟ್ರು. ತಮ್ಮ ಕಕ್ಷಿದಾರರ ಮುಂದೆ ಇನ್ನು ತಾವು ತಲೆಯೆತ್ತಿ ನಡೆಯಬಹುದೆಂದು ವಕೀಲರಿಗೆ ಅನ್ನಿಸಿರಬೇಕು. ಅವರು ತುಂಬ ಹೊತ್ತು ತಲೆದೂಗುತ್ತಿದ್ದರು.

ಈಜಿಪ್ಟಿನ ಅರಸ ಫರೋಹನ ವಿಷಯದಲ್ಲಿ ಮಾತ್ರ ಉಪದೇಶಿಗಳನ್ನು ಕಟ್ಟಿಹಾಕಿದೆವೆಂದು ನಾವು ಭಾವಿಸಿದ್ದೆವು. ಫರೋಹನ ಹೃದಯವನ್ನು ದೇವರೇ ಕಠಿಣಮಾಡಿ, ಕಠಿಣಹೃದಯಕ್ಕಾಗಿ ಅವನನ್ನೇ ದಂಡಿಸುವುದು ಹೇಗೆ ಸರಿ? ಈ ಪ್ರಶ್ನೆಯನ್ನೂ ಧರ್ಮಪ್ರಚಾರಕನಾದ ಪೌಲನೇ ರೋಮಾಪುರದವರಿಗೆ ಬರೆದ ಪತ್ರದಲ್ಲಿ ಎತ್ತಿದ್ದಾನಂತೆ. ಉತ್ತರವೇನೆಂದರೆ: ಎಲೋ ಮನುಷ್ಯನೇ, ದೇವರಿಗೆ ಎದುರು ಮಾತನಾಡಲು ನೀನು ಯಾರು, ಮಡಕೆಯು ಕುಂಬಾರನನ್ನು ಕೇಳುವುದುಂಟೇ?

“ಇದು ಉತ್ತರವಲ್ಲ. ದಾವೆ ಹೂಡುವ ಹಕ್ಕೇ ನಿನಗಿಲ್ಲವೆಂಬ ಆರಂಭಿಕ ಆಕ್ಷೇಪಣೆ. ವಾದದಲ್ಲಿ ಹುರುಳಿಲ್ಲದಾಗ ನಾವೂ ಮೊದಲು ಇದನ್ನೇ ಎತ್ತುತ್ತೇವೆ” ಎಂದರು ವಕೀಲರು.

“ಎತ್ತಿದರೆ ಎತ್ತಲಿ, ಆದರೆ ಯೋಬನಿಗೆ ಆ ಹಕ್ಕಿಲ್ಲವೆಂದು ಯಾರು ಹೇಳುತ್ತಾರೆ?” ಎಂದು ಉಪದೇಶಿಗಳು ತಾವಾಗಿಯೇ ಹಾಳೆ ತಿರುವಿದರು. ಯಾವ ತಪ್ಪನ್ನೂ ಮಾಡದೆ ಎಲ್ಲವನ್ನೂ ಕಳೆದುಕೊಂಡು ದೇವರನ್ನೇ ಪ್ರಶ್ನಿಸಿದ ನೀತಿವಂತ ಯೋಬನ ಗ್ರಂಥವದು. ನಮಗೆ ಆಶ್ಚರ್ಯವಾಯಿತು, ಏಕೆಂದರೆ ಆ ಗ್ರಂಥದ ಅಂಚುಗಳಲ್ಲಿ ಪೆನ್ಸಿಲ್ಲಿನ ಪ್ರಶ್ನಾರ್ಥಕ ಚಿಹ್ನೆಗಳು ಇರುವೆಗಳಂತೆ ಸಾಲುಗಟ್ಟಿದ್ದವು. ಕೆಲವನ್ನು ಅಳಿಸಿ ಮತ್ತೆ ಬರೆದಿದ್ದರು. ನಾವು ಒಂದು ಸಂಜೆಯಲ್ಲಿ ಎತ್ತಿದ ಪ್ರಶ್ನೆಗಳಿಗಿಂತ ಅವರ ಒಂದು ಪುಟದಲ್ಲಿ ಹೆಚ್ಚಿದ್ದವು.

ಯೋಬನ ಲೆಕ್ಕವನ್ನು ಪರಿಶೋಧಿಸುವ ಭಾಗ್ಯ ನನ್ನದಾಯಿತು. ಒಂದು ಹಳೆಯ ಲಕೋಟೆಯ ಬೆನ್ನಿನ ಮೇಲೆ ಎರಡು ಕಾಲಂ ಎಳೆದೆ. ಆರಂಭಿಕ ಶಿಲ್ಕು: ಕುರಿ 7000, ಒಂಟೆ 3000, ಉಳುವ ಎತ್ತು 500 ಜೋಡಿ, ಹೆಣ್ಣು ಕತ್ತೆ 500, ಗಂಡುಮಕ್ಕಳು 7, ಹೆಣ್ಣುಮಕ್ಕಳು 3. ದೇವರು ಸೈತಾನನೊಂದಿಗೆ ಆಡಿದ ಮಾತಿನ ಫಲವಾಗಿ ಎಲ್ಲವೂ ಶೂನ್ಯ. ಅಖೈರು ಶಿಲ್ಕು: ಕುರಿ 14000, ಒಂಟೆ 6000, ಎತ್ತು 1000 ಜೋಡಿ, ಹೆಣ್ಣು ಕತ್ತೆ 1000. ಮಕ್ಕಳು ಮಾತ್ರ ಮತ್ತೆ 7 ಮತ್ತು 3! ಮಕ್ಕಳ ಸಾಲಿನಲ್ಲಿ ಏಕೆ ಇಮ್ಮಡಿಯಾಗಿಲ್ಲವೆಂದು ಷರಾ ಬರೆದೆ. ಸತ್ತ ಮಕ್ಕಳು ಕಳೆದುಹೋದವರಲ್ಲ, ದೇವರ ಬಳಿಯಲ್ಲಿದ್ದಾರೆ, ಆದ್ದರಿಂದ ಒಟ್ಟು ಇಪ್ಪತ್ತಾಯಿತೆಂದು ಬೋಧಕರು ವಿವರಿಸುವುದುಂಟು ಎಂದು ಉಪದೇಶಿಗಳು ಹೇಳಿದರು. ಹೇಳುವಾಗ ಅವರ ದನಿಯಲ್ಲಿ ಬಲವಿರಲಿಲ್ಲ. “ಆ ಹೆಂಗಸನ್ನು ಯಾರಾದರೂ ಕೇಳಿದರೇ?” ಎಂದರು ಮೇಷ್ಟ್ರು. ಕೊನೆಯ ಅಧ್ಯಾಯದಲ್ಲಿ ಯೋಬನ ಹೆಂಡತಿಯ ಸುದ್ದಿಯೇ ಇಲ್ಲ. ಹೊಸ ಹೆಣ್ಣುಮಕ್ಕಳಿಗೆ ಯೆಮೀಮ, ಕೆಚೀಯ, ಕೆರೆನ್‌ಹಪ್ಪೂಕ್ ಎಂಬ ಹೆಸರುಗಳಿವೆ, ಅಣ್ಣತಮ್ಮಂದಿರ ಜೊತೆ ಆಸ್ತಿಯಲ್ಲಿ ಪಾಲೂ ಇದೆ. ಹೆತ್ತವಳು ಯಾರೆಂದು ಮಾತ್ರ ಬರೆದಿಲ್ಲ.

“ಅದಕ್ಕಿಂತ ದೊಡ್ಡ ಲೋಪವೊಂದಿದೆ” ಎಂದರು ವಕೀಲರು. “ಬಿರುಗಾಳಿಯೊಳಗಿಂದ ದೇವರು ನಾಲ್ಕು ಅಧ್ಯಾಯ ಮಾತನಾಡುತ್ತಾನೆ, ಬೆಟ್ಟದ ಮೇಕೆ, ಉಷ್ಟ್ರಪಕ್ಷಿ, ಲಿವ್ಯಾತಾನ ಎಂಬ ಕಡಲ ದೈತ್ಯಪ್ರಾಣಿ ಎಲ್ಲವೂ ಬರುತ್ತವೆ. ಸೈತಾನನೊಂದಿಗೆ ನಡೆದ ಮೂಲ ಮಾತುಕತೆಯನ್ನು ಮಾತ್ರ ಯೋಬನಿಗೆ ಕೊನೆಯವರೆಗೂ ತಿಳಿಸುವುದಿಲ್ಲ. ಇದನ್ನು ಮಹತ್ವದ ಸಂಗತಿಯ ಮರೆಮಾಚುವಿಕೆ ಎನ್ನುತ್ತಾರೆ.”

ಉಪದೇಶಿಗಳು ಒಪ್ಪಿದಂತೆ ತಲೆಯಾಡಿಸಿ, 42ನೆಯ ಅಧ್ಯಾಯದ ಏಳನೆಯ ವಾಕ್ಯವನ್ನು ಗಟ್ಟಿಯಾಗಿ ಓದತೊಡಗಿದರು. ಮೂವರು ಸ್ನೇಹಿತರಾದ ಎಲೀಫಜ, ಬಿಲ್ದದ, ಚೋಫರ ಅಧ್ಯಾಯಗಟ್ಟಲೆ ದೇವರ ಪರವಾಗಿ ವಾದಿಸಿದ್ದರು. ಯೋಬನು ದೇವರ ವಿರುದ್ಧ ದೂರಿದ್ದನು. ಆದರೆ ದೇವರು ಸಿಟ್ಟಾದದ್ದು ಆ ಮೂವರ ಮೇಲೆ: ನನ್ನ ದಾಸನಾದ ಯೋಬನು ಮಾತನಾಡಿದಂತೆ ನೀವು ನನ್ನ ವಿಷಯವಾಗಿ ಸರಿಯಾದದ್ದನ್ನು ಆಡಲಿಲ್ಲ, ಏಳು ಹೋರಿ, ಏಳು ಟಗರುಗಳನ್ನು ತೆಗೆದುಕೊಂಡು ಅವನ ಬಳಿಗೆ ಹೋಗಿ ಹೋಮಮಾಡಿರಿ, ಅವನು ನಿಮಗಾಗಿ ಪ್ರಾರ್ಥಿಸುವನು. (ನಡುವೆ ಆರು ಅಧ್ಯಾಯ ಕೊರೆದ ಎಲೀಹು ಎಂಬ ತರುಣನಿಗೆ ದಂಡವೂ ಇಲ್ಲ, ಉತ್ತರವೂ ಇಲ್ಲ, ನಮ್ಮಲ್ಲಿ ಅವನು ಯಾರೆಂದು ಆಮೇಲೆ ಜಗಳವಾಯಿತು.)

ಓದುತ್ತಿದ್ದ ದನಿ ಸಣ್ಣಗಾಗಿ ನಿಂತಿತು. ವಕೀಲರ ಮುಖ ಮಾತ್ರ ಮೆಲ್ಲಗೆ ಅರಳಿತು. “ಉಪದೇಶಿಗಳೇ, ಈ ಸಂಜೆ ದೇವರ ಪರವಾಗಿ ವಾದಿಸಿದವರು ಯಾರು?”

“ನಾನು” ಎಂದರು ಅವರು.

“ದೂರಿದವರು?”

“ನೀವು ಮೂವರು.”

ನಾನು ಲಕೋಟೆಯ ಉಳಿದ ಜಾಗದಲ್ಲಿ ಹೋರಿ 7, ಟಗರು 7 ಎಂದು ಬರೆದು, ಅದರ ಎದುರು ಉಪದೇಶಿಗಳ ಹೆಸರು ಹಾಕಿದೆ. ಅವರು ಕನ್ನಡಕದ ಮೇಲಿನಿಂದ ಅದನ್ನು ಓದಿ, ಹೋರಿ ಟಗರುಗಳನ್ನು ಒದಗಿಸುವ ಶಕ್ತಿ ತಮಗಿಲ್ಲವೆಂದೂ, ಆದರೆ ದಂಡದ ಎರಡನೆಯ ಭಾಗವನ್ನು ನಾವು ಮರೆಯಬಾರದೆಂದೂ ಹೇಳಿದರು. “ಅಲ್ಲಿ ಪ್ರಾರ್ಥಿಸಬೇಕಾದವನು ದೂರಿದವನು. ನನಗಾಗಿ ನಿಮ್ಮಲ್ಲಿ ಒಬ್ಬರು ಪ್ರಾರ್ಥಿಸಬೇಕಾಗುತ್ತದೆ.”

ನಾವು ಮೂವರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ತಮಗೆ ಶುಲ್ಕವಿಲ್ಲದೆ ಮನವಿ ಸಲ್ಲಿಸುವ ಅಭ್ಯಾಸವಿಲ್ಲವೆಂದು ವಕೀಲರು ನುಣುಚಿಕೊಂಡರು. ಪರಿಶೋಧಕನು ಕಕ್ಷಿದಾರನ ಪರವಾಗಿ ಏನನ್ನೂ ಬೇಡಬಾರದೆಂಬ ನಿಯಮವನ್ನು ನಾನು ಆ ಕ್ಷಣದಲ್ಲಿ ರಚಿಸಿದೆ. ಉಳಿದವರು ಮೇಷ್ಟ್ರು. ಹದಿನಾರನೆಯ ವಯಸ್ಸಿನಿಂದ ತಾವು ನಾಸ್ತಿಕರೆಂದು ಹೇಳಿಕೊಂಡು ಬಂದಿರುವ ಆ ಮನುಷ್ಯ ತಲೆ ಸವರಿಕೊಂಡು, ಒಮ್ಮೆ ಕೆಮ್ಮಿ, ಉಪದೇಶಿಗಳ ಕಡೆ ಬಾಗಿ ಪಿಸುದನಿಯಲ್ಲಿ ಕೇಳಿದರು: “ಕಣ್ಣು ಮುಚ್ಚಬೇಕೋ, ತೆರೆದಿದ್ದರೂ ನಡೆಯುತ್ತದೋ?”