ನೋವು ನಿಭಾಯಿಸುವ ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುವಾಗ ಟರ್ಕಿಷ್ ಅನುಭವ ನೆರವಾಗುತ್ತದೆಯೇ?

ಪ್ರಶ್ನೆ (ಫಿಸಿಯೋಥೆರಪಿ ಸ್ನಾತಕೋತ್ತರ ವಿದ್ಯಾರ್ಥಿನಿ, ಕೋಲಾರ)

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿಗೂ ಮೀರಿ ಉಳಿದ ನೋವನ್ನು ಜನರು ದಿನನಿತ್ಯ ಹೇಗೆ ನಿಭಾಯಿಸುತ್ತಾರೆ ಎಂದು ಅಳೆಯುವ ಪ್ರಶ್ನಾವಳಿಯೊಂದನ್ನು, ಮೂಲ ಲೇಖಕರ ಅನುಮತಿ ಪಡೆದು, ಕನ್ನಡಕ್ಕೆ ಹೊಂದಿಸುವುದು ನನ್ನ ಪ್ರಬಂಧದ ವಿಷಯ. ಜೆನ್ಸನ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ‘ಕ್ರಾನಿಕ್ ಪೇನ್ ಕೋಪಿಂಗ್ ಇನ್ವೆಂಟರಿ’ಯ 42 ಹೇಳಿಕೆಗಳ ಚಿಕ್ಕ ರೂಪವನ್ನು ಆರಿಸಿಕೊಂಡಿದ್ದೇನೆ. ಒಂದೊಂದು ಹೇಳಿಕೆಗೂ, ಕಳೆದ ವಾರದಲ್ಲಿ ಎಷ್ಟು ದಿನ ಹಾಗೆ ಮಾಡಿದಿರಿ ಎಂದು 0ಯಿಂದ 7ರವರೆಗೆ ಉತ್ತರಿಸಬೇಕು. ಕನ್ನಡದಂತೆಯೇ ಟರ್ಕಿಷ್‌ನಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಪ್ರತ್ಯಯಗಳು ಒಂದರ ಹಿಂದೊಂದು ಸೇರುತ್ತವೆ. ಆದ್ದರಿಂದ ಇಂಥ ಪ್ರಶ್ನಾವಳಿಗಳನ್ನು ಟರ್ಕಿಷ್ ಭಾಷಿಕರಿಗೆ ಹೊಂದಿಸಿದ ಬಗೆಯನ್ನು ಗಮನಿಸು ಎಂದು ನಮ್ಮ ಮಾರ್ಗದರ್ಶಕರು ಸೂಚಿಸಿದ್ದಾರೆ.

ಮೊದಲ ಕರಡನ್ನು ಟೊಮೇಟೊ ತೋಟದಲ್ಲಿ ದುಡಿಯುವ ಕೆಲವು ಹೆಂಗಸರ ಮುಂದೆ ಓದಿದೆ. 15 ಕೆ.ಜಿ. ಕ್ರೇಟುಗಳನ್ನು ಎತ್ತಿ ಎತ್ತಿ ಸೊಂಟ ಹಿಡಿದುಕೊಂಡವರು ಅವರು. ‘ನೋವು ಕಡಿಮೆಯಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ’ ಎಂಬ ಸಾಲಿಗೆ ಒಬ್ಬ ಅಜ್ಜಿ, “ನನಗೆ ನಾನೇ ಮಾತಾಡಿಕೊಳ್ಳೋಕೆ ನನಗೇನು ಹುಚ್ಚಾ ಮಗಳೇ?” ಎಂದರು. ‘ಸಹಾಯ ಕೇಳಿದೆ’ ಎಂಬುದಕ್ಕೂ ಅವರದು ಸೊನ್ನೆಯೇ. ಆದರೆ ವಾರವಿಡೀ ನೀರಿನ ಕೊಡ ಹೊತ್ತು ತಂದವಳು ಅವರ ಸೊಸೆ. ಹಾಗೆ ಮಾಡು ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಈ ಎರಡು ಸಾಲುಗಳನ್ನು ಎಷ್ಟರ ಮಟ್ಟಿಗೆ ಬದಲಿಸಬಹುದು?

ಉತ್ತರ (ಮನೋವಿಜ್ಞಾನ ಅಧ್ಯಾಪಕ, ತುಮಕೂರು)

ನಿಮ್ಮ ಎರಡು ಉದಾಹರಣೆಗಳು ಒಂದೇ ಜಾತಿಯವಲ್ಲ. ಮೊದಲನೆಯದರಲ್ಲಿ ಸೋತಿರುವುದು ಮಾತು. ಅಜ್ಜಿ ಮನಸ್ಸಿಗೆ ಧೈರ್ಯ ತಂದುಕೊಳ್ಳುವುದಿಲ್ಲ ಎಂದೇನಲ್ಲ. ಅದನ್ನು ಅವರು ಆ ಮಾತಿನಲ್ಲಿ ಹೇಳುವುದಿಲ್ಲ, ಅಷ್ಟೆ. ಅದನ್ನು ಧಾರಾಳವಾಗಿ ಬದಲಿಸಿ. ಎರಡನೆಯದರಲ್ಲಿ ಮಾತು ಸರಿಯಾಗಿಯೇ ಇದೆ, ಬದುಕು ಬೇರೆಯಾಗಿದೆ. ಮೂಲದಲ್ಲಿ ಆ ಉಪವಿಭಾಗ ಅಳೆಯುವುದು ರೋಗಿ ಬಾಯಿಬಿಟ್ಟು ಕೇಳುವ ವರ್ತನೆಯನ್ನು. ಅದನ್ನು ‘ಸಹಾಯ ಸಿಕ್ಕಿತು’ ಎಂದು ತಿದ್ದಿದರೆ ನೀವು ಸೊಸೆಯನ್ನು ಅಳೆದಂತಾಗುತ್ತದೆ. ಸೊನ್ನೆಯನ್ನು ಸೊನ್ನೆಯಾಗಿಯೇ ಉಳಿಸಿ, ಕೇಳದೆ ಬಂದ ನೆರವನ್ನು ಅಂಕಗಳಿಗೆ ಸೇರದ ಪ್ರತ್ಯೇಕ ಪ್ರಶ್ನೆಯಾಗಿ ಕೊನೆಯಲ್ಲಿ ಕೇಳಿ.

ಕ್ರಮದ ವಿಷಯಕ್ಕೆ ಬಂದರೆ, ಬೀಟನ್ ಮತ್ತು ಸಂಗಡಿಗರು 2000ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯನ್ನೇ ಹೆಚ್ಚಿನವರು ಅನುಸರಿಸುತ್ತಾರೆ: ಇಬ್ಬರ ಅನುವಾದ, ಅವೆರಡರ ಜೋಡಣೆ, ಮೂಲವನ್ನು ನೋಡದವರಿಂದ ಮರು ಇಂಗ್ಲಿಷಿಗೆ ಅನುವಾದ, ತಜ್ಞರ ಸಮಿತಿ, ಬಳಿಕ 30ರಿಂದ 40 ಜನರ ಮೇಲೆ ಪ್ರಯೋಗ. ಮರು ಅನುವಾದವನ್ನು ಮಾತ್ರ ಅತಿಯಾಗಿ ನಂಬಬೇಡಿ. ‘ನನಗೆ ನಾನೇ ಹೇಳಿಕೊಂಡೆ’ ಎಂಬ ಸಾಲು ಇಂಗ್ಲಿಷಿಗೆ ಹಿಂದಿರುಗಿದಾಗ ಮೂಲಕ್ಕೆ ಅಚ್ಚುಕಟ್ಟಾಗಿ ಹೊಂದುತ್ತದೆ, ಸಮಿತಿ ತಲೆಯಾಡಿಸುತ್ತದೆ, ಅಜ್ಜಿ ಮಾತ್ರ ನಗುತ್ತಾರೆ. ಹಾಗೆಯೇ, ಬಹುತೇಕ ಎಲ್ಲರೂ ಸೊನ್ನೆ ಎಂದ ಹೇಳಿಕೆ ಒಟ್ಟು ಅಂಕದೊಂದಿಗೆ ಸರಿಯಾಗಿ ಹೊಂದುವುದಿಲ್ಲ; ಹೇಳಿಕೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ತೋರಿಸುವ ಕ್ರಾನ್‌ಬಾಕ್ ಆಲ್ಫಾ ಎಂಬ ಅಂಕಿ 0.70ನ್ನು ದಾಟಲಿ ಎಂಬ ಆಸೆಗೆ ಅದನ್ನು ಕಿತ್ತುಹಾಕುವ ಮನಸ್ಸಾಗುತ್ತದೆ. ಹಾಗೆ ಮಾಡಬೇಡಿ.

ಉತ್ತರ (ಅಂಕಾರಾದಲ್ಲಿ ಕೆಲವು ವರ್ಷ ಕೆಲಸದಲ್ಲಿದ್ದವನು, ಈಗ ಚಿಂತಾಮಣಿ)

ವಾಕ್ಯರಚನೆಯ ಹೋಲಿಕೆ ನಿಜವಾದರೂ ಅದರಿಂದ ಸಿಗುವ ಲಾಭ ಸ್ವಲ್ಪವೇ. ‘ಕೆಂದಿ ಕೆಂದಿಮೆ’ ಎಂದರೆ ನಮ್ಮ ‘ನನಗೆ ನಾನೇ’ ಎಂಬಂತೆಯೇ. ಅಲ್ಲಿಯೂ ತನ್ನಷ್ಟಕ್ಕೆ ತಾನೇ ಮಾತಾಡಿಕೊಳ್ಳುವವರನ್ನು ಕಂಡರೆ ಜನ ಹುಬ್ಬೇರಿಸುತ್ತಾರೆ. ಅಜ್ಜಿಯ ಮಾತನ್ನು ಓದಿ ನಕ್ಕೆ.

ಪದಗಳಲ್ಲಿ ಮಾತ್ರ ದಾರಿ ಬೇರೆಯಾಗುತ್ತದೆ. ಟರ್ಕಿಷ್‌ನಲ್ಲಿ ತಲೆನೋವು, ಬೆನ್ನುನೋವಿನಂಥ ದೇಹದ ನೋವಿಗೆ ‘ಆರಿ’ ಎಂಬ ಪದವಿದೆ. ‘ಅಜಿ’ ಎಂದರೆ ಚುರುಕ್ಕೆನ್ನುವ ನೋವೂ ಹೌದು, ದುಃಖವೂ ಹೌದು, ನಾಲಿಗೆಗೆ ತಾಗುವ ಕಹಿ, ಖಾರವೂ ಹೌದು. ಹಾಗಾಗಿ ವೈದ್ಯಕೀಯ ಪ್ರಶ್ನಾವಳಿಗೆ ‘ಆರಿ’ಯನ್ನು ಆರಿಸಿದರೆ ಗೊಂದಲ ಬಹುಮಟ್ಟಿಗೆ ತಪ್ಪುತ್ತದೆ. ನಮ್ಮ ‘ನೋವು’ ಮೈಗೂ ಮನಸ್ಸಿಗೂ ಒಂದೇ. ಆದ್ದರಿಂದ ಸೂಚನೆಯಲ್ಲೇ ‘ಮೈಕೈ, ಸೊಂಟ, ಮಂಡಿಯ ನೋವು’ ಎಂದು ಬಿಡಿಸಿ ಬರೆಯುವುದು ಒಳ್ಳೆಯದು.

ಇನ್ನೊಂದು ಮಾತು. ರೋಸೆನ್‌ಸ್ಟಿಲ್ ಮತ್ತು ಕೀಫ್ ಅವರ 1983ರ ಪ್ರಶ್ನಾವಳಿಯನ್ನೂ ಮುಂದೆ ಬಳಸುವುದಾದರೆ, ಅದರಲ್ಲಿ ಪ್ರಾರ್ಥನೆ ಮತ್ತು ಭರವಸೆಗೆ ಒಂದು ವಿಭಾಗವಿದೆ. ಟರ್ಕಿಷ್‌ನಲ್ಲಿ ನಮಾಝ್ ಬೇರೆ, ದೇವರಲ್ಲಿ ಬೇಡಿಕೊಳ್ಳುವ ದುವಾ ಬೇರೆ. ನಮಾಝ್‌ನಲ್ಲಿ ಬಾಗಿ, ಮಂಡಿಯೂರಿ ಏಳಬೇಕು. ಮಂಡಿನೋವಿನವರು ಕುರ್ಚಿಯ ಮೇಲೆ ಕುಳಿತೇ ಮಾಡುತ್ತಾರೆ. ಅಲ್ಲಿ ಪದ ತಪ್ಪಿದರೆ, ನೋವನ್ನು ನಿಭಾಯಿಸುವ ಬಗೆಯ ಬದಲು ನೋವು ಅಡ್ಡಿಪಡಿಸುವ ಕೆಲಸವನ್ನೇ ಅಳೆದಂತಾಗುತ್ತದೆ. ನಮ್ಮಲ್ಲೂ ‘ದೇವರಿಗೆ ಕೈಮುಗಿದೆ’ ಎನ್ನುವುದಕ್ಕೂ ‘ಹರಕೆ ಹೊತ್ತೆ’ ಎನ್ನುವುದಕ್ಕೂ ಅಂತರವಿದೆಯಲ್ಲವೇ?

ಉತ್ತರ (ಶುಶ್ರೂಷಕಿ, ಮುಳಬಾಗಿಲು)

ನಮ್ಮ ಕಡೆ ಅನೇಕರ ಮನೆಮಾತು ತೆಲುಗು. ಕನ್ನಡದಲ್ಲಿ ಕೇಳಿದ ಪ್ರಶ್ನೆಯನ್ನು ಪಕ್ಕದಲ್ಲಿ ಕುಳಿತ ಮಗ ತೆಲುಗಿನಲ್ಲಿ ಹೇಳಿ, ಉತ್ತರವನ್ನೂ ತಾನೇ ಕೊಟ್ಟುಬಿಡುತ್ತಾನೆ. ಮನೆಮಾತನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ ಮೇಡಂ, ಅಂಥ ಉತ್ತರಗಳನ್ನು ಬೇರೆಯಾಗಿಯೇ ಇಡಿ. ‘ಕಳೆದ ಏಳು ದಿನ’ ಎಂದರೆ ವಯಸ್ಸಾದವರು ತಡವರಿಸುತ್ತಾರೆ. ‘ಹೋದ ಸಂತೆಯಿಂದ ಈ ಸಂತೆಯವರೆಗೆ’ ಎಂದರೆ ಬೆರಳು ಮಡಚಿ ಎಣಿಸುತ್ತಾರೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಅದೇ ಅಜ್ಜಿಯ ಬಳಿ ಹೋಗಿ, ‘ನೋವು ಕಡಿಮೆಯಾಗುತ್ತದೆ ಎಂದು ಮನಸ್ಸಿಗೆ ಧೈರ್ಯ ತಂದುಕೊಂಡೆ’ ಎಂದು ಬದಲಿಸಿದ ಸಾಲನ್ನು ಓದಿದೆ. ಸಂತೆಯ ದಿನದಿಂದ ಎಣಿಸಿ, ಐದು ದಿನ ಎಂದರು. ‘ಸಹಾಯ ಕೇಳಿದೆ’ ಎಂಬುದಕ್ಕೆ ಮತ್ತೆ ಸೊನ್ನೆ ಬರೆಸಿದರು, ಆಗ ಸೊಸೆ ಬಾಗಿಲಲ್ಲೇ ನಿಂತಿದ್ದಳು. ಆ ಪ್ರಶ್ನೆಯನ್ನು ಇನ್ನು ಮುಂದೆ ಮನೆಯವರು ಎದುರಿಗಿಲ್ಲದಾಗ ಕೇಳುತ್ತೇನೆ.