ಜಪಾನಿನ ಎಳ್ಳೆಣ್ಣೆಯಲ್ಲಿ ಪುಳಿಯೋಗರೆ ಗೊಜ್ಜು ಸೀದ ವಾಸನೆ: ಯಾವ ಎಣ್ಣೆ ಕೊಳ್ಳಬೇಕು?

ಪ್ರಶ್ನೆ: ಒಸಾಕಾದಲ್ಲಿ ಕೊಂಡ 'ಗೊಮಾ ಅಬುರಾ'ದಲ್ಲಿ ಗೊಜ್ಜು ಮಾಡಿದರೆ ಸೀದ ವಾಸನೆ, ಕೊನೆಗೆ ಕಹಿ. ಉರಿ ಸಣ್ಣದೇ ಇತ್ತು. ಬಾಟಲಿ ಮೇಲೆ 'ಜುನ್‌ಸೆಯ್' ಎಂದಿದೆ. ಕಲಬೆರಕೆಯೇ? ದಿನದ ಒಗ್ಗರಣೆಗೆ, ಕರಿಯಲು ಯಾವುದು ಒಳ್ಳೆಯದು?

ಉತ್ತರ 1: ಕಲಬೆರಕೆಯಲ್ಲ. ಜುನ್‌ಸೆಯ್ ಅಂದರೆ ಬರೀ ಎಳ್ಳಿನದೇ. ಬೇರೆ ಎಣ್ಣೆ ಬೆರೆಸಿದ್ದರೆ 'ಚೋಗೋ' ಎಂದಿರುತ್ತದೆ. ತೊಂದರೆ ಎಳ್ಳನ್ನು ಹುರಿದದ್ದರಲ್ಲಿದೆ. ಅಲ್ಲಿನ ಸಾಮಾನ್ಯ ಗೊಮಾ ಅಬುರಾ ಹುರಿದ ಎಳ್ಳಿನದು, ಕಂದು ಬಣ್ಣ. ನಮ್ಮ ಗಾಣದ ಎಣ್ಣೆ ಹಸಿ ಎಳ್ಳಿನದು. ಗೊಜ್ಜಿನಷ್ಟು ಹೊತ್ತು ಕಾಯಿಸಿದರೆ ಆ ಹುರಿದ ವಾಸನೆ ಹುಣಸೆಯನ್ನೂ ಮೀರುತ್ತದೆ.

ನಿಮಗೆ ಬೇಕಾದದ್ದು 'ತೈಹಕು ಗೊಮಾ ಅಬುರಾ'. ಹಸಿ ಎಳ್ಳಿನದು, ಬಹುತೇಕ ಬಣ್ಣವಿಲ್ಲ. ಹಿಂದಿನ ಚೀಟಿಯಲ್ಲಿ ಎರಡಕ್ಕೂ 'ಎಳ್ಳೆಣ್ಣೆ' ಎಂದಷ್ಟೇ ಇರಬಹುದು, ಹಾಗಾಗಿ ಮುಂದಿನ ಹೆಸರು, ಬಣ್ಣ ಎರಡನ್ನೂ ನೋಡಿ. ಪರಿಮಳ ತೀರಾ ಕಡಿಮೆ ಅನಿಸಿದರೆ 4 ಚಮಚ ತೈಹಕುಗೆ ಅರ್ಧ ಚಮಚ ಹುರಿದೆಣ್ಣೆ ಸಾಕು, ಅದೂ ಒಲೆ ಆರಿಸಿದ ಮೇಲೆ.

ಉತ್ತರ 2: ದಿನದ ಬಳಕೆಗೆ 'ಕೊಮೆ ಅಬುರಾ', ಅಕ್ಕಿ ತೌಡಿನೆಣ್ಣೆ. ಕರಿಯಲು ಬಹಳ ಚೆನ್ನಾಗಿದೆ, ವಾಸನೆಯೂ ಅಡ್ಡ ಬರುವುದಿಲ್ಲ. 'ಸರಾದಾ ಯು' ಹೆಸರು ಸಲಾಡಿನದು, ಸಾಮಾನ್ಯವಾಗಿ ಸೋಯಾ ಮತ್ತು 'ನಾತಾನೆ' (ರೇಪ್‌ಸೀಡ್) ಬೆರೆಸಿದ್ದು. ಒಗ್ಗರಣೆಗೂ ಧಾರಾಳವಾಗಿ ಬಳಸಬಹುದು. ನಾತಾನೆ ಸಾಸಿವೆಯ ಬಳಗದ್ದೇ, ಆದರೆ ಸಾಸಿವೆಯೆಣ್ಣೆಯ ಘಾಟು ಬರುವುದಿಲ್ಲ. ಸೂರ್ಯಕಾಂತಿ ಬೇಕಿದ್ದರೆ 'ಹಿಮಾವಾರಿ' ಕೇಳಿ.

'ಯು', 'ಅಬುರಾ' ಎರಡೂ ಒಂದೇ ಅಕ್ಷರದ ಉಚ್ಚಾರ. ಅದರ ಎಡಗಡೆ ಮೂರು ಹನಿಗಳಿವೆ. ಸೋಯಾ ಸಾಸ್ 'ಶೋಯು'ವಿನಲ್ಲೂ ಸೀಮೆಎಣ್ಣೆ 'ತೋಯು'ವಿನಲ್ಲೂ ಅದೇ ಅಕ್ಷರ ಇರುತ್ತದೆ, ಅದನ್ನೊಂದನ್ನೇ ನಂಬಬೇಡಿ. ಸಸ್ಯಾಹಾರಿಗಳು ಇನ್ನೊಂದನ್ನು ಗಮನಿಸಲೇಬೇಕು: ಎಡಗಡೆ ಚಂದ್ರನ ಅಕ್ಷರವಿರುವ 'ಅಬುರಾ' ಕೊಬ್ಬು. 'ಗ್ಯೂಶಿ' ದನದ್ದು, 'ರಾದೋ' ಹಂದಿಯದ್ದು. ತಿಂಡಿ ಪೊಟ್ಟಣದಲ್ಲಿ 'ಯುಶಿ' (ಎಣ್ಣೆ-ಕೊಬ್ಬು) ಕಂಡರೆ ಅದಕ್ಕೆ ಮೊದಲು 'ಶೊಕುಬುತ್ಸು' ಇದೆಯೇ ನೋಡಿ, ಇದ್ದರೆ ಸಸ್ಯಮೂಲ. 'ದೋಬುತ್ಸು' ಇದ್ದರೆ ಪ್ರಾಣಿಮೂಲ.

ಪ್ರಶ್ನೆ: ಮಾಡಿಟ್ಟ ಗೊಜ್ಜು ಉಳಿಸಬಹುದೇ?

ಉತ್ತರ 1: ಮಸಾಲೆಯೇ ಸೀದಿಲ್ಲದಿದ್ದರೆ ಉಳಿಸಬಹುದು. ಆರಲು ಬಿಟ್ಟು, ಮೇಲೆ ತೇಲುವ ಎಣ್ಣೆಯನ್ನೆಲ್ಲ ಸೌಟಿನಿಂದ ತೆಗೆಯಿರಿ. ಸ್ವಲ್ಪ ಹುಣಸೆ ರಸ, ಬೆಲ್ಲ ಹಾಕಿ ಮತ್ತೆ ಗಟ್ಟಿಯಾಗುವವರೆಗೆ ಕುದಿಸಿ. ತೆಗೆದಷ್ಟೇ ತೈಹಕು ಕಾಯಿಸಿ, ಸಾಸಿವೆ, ಕಡಲೆಬೇಳೆ, ಇಂಗು ಹಾಕಿ ಒಗ್ಗರಣೆ ಕೊಡಿ. ತೆಗೆದ ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ, ಕಾಗದದಲ್ಲಿ ಹೀರಿಸಿ ಕಸಕ್ಕೆ ಹಾಕಿ.